ಹಿಂದೆ ತಗೊಳ್ತಾರೆ

ತಂಗೀ,

ನಿನ್ನೆ ಅಕ್ಕ ಫೋನ್ ಮಾಡಿ ಒಂದೇ ಸಮ ಗೋಳು, ಮಗಳು ಶನಿವಾರ ರವಿವಾರ ಫ್ರೆಂಡ್ಸ್ ಕಟ್ಕೊಂಡು ಝೆಕ್ ದೇಶದ ಪ್ರಾಗಿಗೆ ಹೋಗ್ತಾಳಂತೆ, ಐದು ಜನ ಅಂತೆ, ನಿನ್ನ ಮಾತಾದ್ರೂ ಕೇಳ್ತಾಳೆ ಹೇಳು ಅಂತ. ಹೋಗ್ಬೇಡ ಅಂತ ನಾ ಹೇಳೂದಿಲ್ಲ. ಜರ್ಮನಿಲಿ ನೀ ಇರೂ ಡ್ರೆಸ್ಡೆನ್ನಿಂದ ಟ್ರೈನಲ್ಲಿ ಎರಡೂವರೆ ತಾಸಿನ ದಾರಿಯಂತೆ, ಇಲ್ಲಿ ನಾವು ಶಿರಸಿಯಿಂದ ದೇವಿಮನೆ ಘಟ್ಟ ಇಳ್ದು ಕುಮಟೆಲಿ ಚಾ ಕುಡಿಯೂ ಹೊತ್ತಿಗೆ ನೀ ಇನ್ನೊಂದು ದೇಶ ಮುಟ್ಟಿರ್ತಿ, ಹೋಗ್ದೆ ಇದ್ರೇ ದಡ್ಡತನ. ವಾಯ್ಸ್ ಮೆಸೇಜ್ ಕಳಿಸಬೌದಿತ್ತು, ಆದ್ರೆ ನೀ ಅದನ್ನ ಡಬಲ್ ಸ್ಪೀಡಲ್ಲಿ ಕೇಳಿ ಒಂದು ಹೆಬ್ಬೆಟ್ಟು ಒತ್ತಿ ಬಿಡ್ತಿ ಅಂತ ಗೊತ್ತು, ಅದಕ್ಕೇ ಕನ್ನಡಕ ಹಾಕ್ಕೊಂಡು ಕೂತು ಟೈಪ್ ಮಾಡ್ತಾ ಇದ್ದೇನೆ.

ನಾ ಯುರೋಪು ನೋಡಿದವ ಅಲ್ಲ, ಆದ್ರೆ 31 ವರ್ಷ ಬಸ್ಸಲ್ಲಿ ಟಿಕೆಟ್ ಕೊಟ್ಟಿದ್ದೇನೆ, ಗುಂಪು ಕಟ್ಕೊಂಡು ಹೊರಟವ್ರನ್ನ ಬೇಕಾದಷ್ಟು ನೋಡಿದ್ದೇನೆ. ಮುಂದಿನ ಸೀಟಲ್ಲಿ ಕೂತವನ ಹತ್ರ ಟಿಕೆಟ್ ಅಂದ್ರೆ ಅವ ಕುತ್ತಿಗೆನೂ ತಿರುಗಿಸ್ದೆ ಹೆಬ್ಬೆಟ್ಟು ಹಿಂದೆ ಮಾಡಿ 'ಹಿಂದೆ ತಗೊಳ್ತಾರೆ' ಅಂತಾನೆ, ಬಸ್ ತುಂಬಿದ್ದು, ಮೂಟೆ ದಾಟಿ ಮಕ್ಕಳ ಕಾಲು ದಾಟಿ ಹಿಂದೆ ಹೋದ್ರೆ ಅಲ್ಲಿದ್ದವ 'ಮುಂದೆ ತಗೊಂಡ್ರಲ್ಲ' ಅಂತಾನೆ. ಇಬ್ರೂ ಸುಳ್ಳು ಹೇಳೂದಲ್ಲ ಮಾರಾಯ್ತಿ, ಇಬ್ರಿಗೂ ಪೂರಾ ನಂಬಿಕೆ. ಅಷ್ಟೊತ್ತಿಗೆ ಚೆಕಿಂಗಿನವ್ರು ಹತ್ತಿದ್ರೆ ಮುಗೀತು, ಅವ್ರ ಕತೆನೂ ನನ್ನ ಕತೆನೂ.

ನನಗೂ ಒಂದ್ಸಲ ಹೀಗೇ ಆಗಿದೆ, ನಿನ್ನ ಆಯಿಗೂ ಪೂರ್ತಿ ಗೊತ್ತಿಲ್ಲ. 1984ರಲ್ಲಿ, ಕೆಲಸಕ್ಕೆ ಸೇರೂ ಮುಂಚೆ, ನಾವು ಐದು ಜನ ಪಣಜಿಗೆ ಹೋಗಿದ್ವಿ. ಆಗ ನಮಗೆ ಪಣಜಿ ಅಂದ್ರೆ ಫಾರಿನ್ನೇ. ದುಡ್ಡೆಲ್ಲ ಒಬ್ಬನ ಹತ್ರ, ಯಾಕಂದ್ರೆ ಅವನಿಗೆ ಕೊಂಕಣಿ ಬರ್ತದೆ, ಹಿಂದೊಮ್ಮೆ ಹೋಗಿ ಬಂದಿದ್ದ. ಸಂಜೆ ಬಸ್‌ಸ್ಟ್ಯಾಂಡಿಗೆ ಬಂದಾಗ ನನಗೆ ಮಾಂಡೋವಿ ಹೊಳೆಲಿ ಹೋಗೂ ಬೋಟು ಇನ್ನೊಂದ್ಸಲ ನೋಡೂ ಹುಚ್ಚು, ಹತ್ತು ನಿಮಿಷ ಅಂತ ಯಾರಿಗೋ ಹೇಳಿ ಹೋದೆ. ಯಾರಿಗೆ ಹೇಳಿದ್ದು ಅಂತ ಇವತ್ತಿಗೂ ತೀರ್ಮಾನ ಆಗಿಲ್ಲ. ಇಬ್ರು ಮುಂದೆ ಹತ್ತಿದ್ರು, ನಾ ಹಿಂದೆ ಇದ್ದೇನೆ ಅಂದ್ಕೊಂಡ್ರು, ಇಬ್ರು ಹಿಂದೆ ಹತ್ತಿದ್ರು, ನಾ ಮುಂದೆ ಇದ್ದೇನೆ ಅಂದ್ಕೊಂಡ್ರು, ಬಸ್ ಹೋಯ್ತು. ನನ್ನ ಕಿಸೆಲಿ ನಲವತ್ತು ಪೈಸೆ. ರಾತ್ರಿ ಕಾರವಾರಕ್ಕೆ ಬರೂ ಮೀನಿನ ಲಾರಿಯವ ಪುಣ್ಯಾತ್ಮ ಹತ್ತಿಸ್ಕೊಂಡ, ಕೂರೂಕೆ ಹಿಂದೆ ಬುಟ್ಟಿಗಳ ನಡುವೆ ಜಾಗ. ಮರುದಿನ ಮನೆ ಮುಟ್ಟಿದ್ರೆ ನನ್ನ ಆಯಿ ಜಗಲಿನೂ ಹತ್ತಿಸ್ಲಿಲ್ಲ, ಹಿತ್ಲಿಂದಲೇ ಬಚ್ಚಲಿಗೆ ಅಟ್ಟಿ ಎರಡು ಹಂಡೆ ನೀರು ಹೊಯ್ಸಿ ಆಮೇಲೆ 'ಎಲ್ಲಿ ಸತ್ತಿದ್ಯಾ' ಅಂತ ಅತ್ಲು. ಕಂಡಕ್ಟರ್ ಆದ್ಮೇಲೆ ಚಾಕ್ಕೆ ನಿಲ್ಸಿದ ಕಡೆ ತಲೆ ಎಣಿಸ್ದೆ ನಾ ಒಂದು ದಿನನೂ ರೈಟ್ ಹೇಳಿದ್ದಿಲ್ಲ.

ಅದಕ್ಕೇ ಹೇಳೂದು, ಪಾಸ್‌ಪೋರ್ಟು ಮತ್ತೆ ಆ ಜರ್ಮನಿಯವ್ರು ಕೊಟ್ಟ ರೆಸಿಡೆನ್ಸ್ ಕಾರ್ಡು ಎರಡೂ ನಿನ್ನ ಮೈಮೇಲೆ ಇರ್ಲಿ. ಗೆಳತಿಯ ಬ್ಯಾಗು ದೊಡ್ಡದು, ಅದರಲ್ಲೇ ಎಲ್ಲರದ್ದೂ ಇಡ್ವ ಅನ್ನೂದು ಬೇಡ. ಷೆಂಗೆನ್ ಅನ್ನೂ ಆ ಯುರೋಪಿನ ದೇಶಗಳ ಒಳಗೆ ಬಾರ್ಡರ್ರೇ ಇಲ್ಲ ಅಂತ ನೀ ಹೇಳ್ತಿ, ಆದ್ರೆ 2023ರ ಅಕ್ಟೋಬರಿಂದ ಜರ್ಮನಿಯವ್ರು ಝೆಕ್ ಗಡಿಲಿ ಮತ್ತೆ ಚೆಕಿಂಗ್ ಶುರು ಮಾಡಿದ್ದು, ವಾಪಸ್ ಬರೂವಾಗ ಟ್ರೈನಿಗೇ ಪೊಲೀಸ್ರು ಹತ್ಬೌದು. ಅವಾಗ 'ಹಿಂದಿನ ಬೋಗಿಲಿ ಇದೆ' ಅಂದ್ರೆ ಆಗೂದಿಲ್ಲ. ಫೋಟೊ ಮೊಬೈಲಲ್ಲಿ ಇಟ್ಕೊ, ಆದ್ರೆ ಫೋಟೊ ಪಾಸ್‌ಪೋರ್ಟ್ ಅಲ್ಲ. ನಿಮ್ಮಲ್ಲಿ ಯಾರದ್ದಾದ್ರೂ ಕಾರ್ಡು ರಿನ್ಯೂವಲ್ಲಿಗೆ ಹೋಗಿದ್ರೆ ಯುನಿವರ್ಸಿಟಿಯ ಆಫೀಸಲ್ಲಿ ಕೇಳಿ ಆಮೇಲೆ ಟಿಕೆಟ್ ಮಾಡ್ಲಿ.

ಇನ್ನು ಟಿಕೆಟ್ಟಿನ ವಿಷ್ಯ, ಇದರಲ್ಲಿ ಮಾತ್ರ ನನ್ನ ಮಾತು ಪೂರ್ತಿ ಕೇಳ್ಬೇಕು. ಮೂರು ದಿನ ಯೂಟ್ಯೂಬಲ್ಲಿ ಪ್ರಾಗಿನ ಟ್ರಾಮ್ ನೋಡ್ದೆ, ನಿನ್ನ ಅತ್ತೆ ಧಾರಾವಾಹಿನೂ ಬಿಟ್ಟು ಕೂತಿದ್ಲು. ಆ ಟ್ರಾಮಲ್ಲಿ ಕಂಡಕ್ಟರ್ ಇಲ್ಲ! ಮೆಟ್ರೋಕ್ಕೆ ಬೆಂಗ್ಳೂರಿನ ಹಾಗೆ ಅಡ್ಡ ಗೇಟೂ ಇಲ್ಲ, ಸೀದಾ ಒಳಗೆ ಹೋಗ್ಬೌದು. ಅಯ್ಯೋ ಇವ್ರು ಹೆಂಗೆ ಬದುಕ್ತಾರೆ ಅಂದ್ಕೊಂಡೆ, ಆಮೇಲೆ ಗೊತ್ತಾಯ್ತು, ಚೆಕಿಂಗಿನವ್ರು ಯುನಿಫಾರಂ ಹಾಕ್ದೆ ನಿಮ್ಮ ಪಕ್ಕದಲ್ಲೇ ನಿಂತಿರ್ತಾರೆ. ಟಿಕೆಟ್ ತಗೊಂಡ್ರೆ ಸಾಲ್ದು, ಹಳದಿ ಮೆಶೀನಿಗೆ ತೂರಿಸಿ ತಾರೀಖು ಟೈಮು ಛಾಪು ಬೀಳ್ಬೇಕು, ಇಲ್ದೆ ಇದ್ರೆ ಅದು ಬರೀ ಕಾಗದ, ದಂಡ ಗ್ಯಾರಂಟಿ. 24 ಗಂಟೆದು ತಗೊಂಡ್ರೆ ಛಾಪು ಬಿದ್ದಲ್ಲಿಂದ ಲೆಕ್ಕ, ಶನಿವಾರ ಬೆಳಿಗ್ಗೆ ಹತ್ತಕ್ಕೆ ಒತ್ತಿದ್ರೆ ರವಿವಾರ ಹತ್ತರ ತನಕ. ಮೊಬೈಲಿನ ಆ್ಯಪಲ್ಲಿ ತಗೊಂಡ್ರೂ ಹತ್ತೂ ಮುಂಚೆ ಆ್ಯಕ್ಟಿವೇಟ್ ಮಾಡ್ಬೇಕು, ಚೆಕಿಂಗಿನವ್ರನ್ನ ಕಂಡ್ಮೇಲೆ ಅಲ್ಲ. ಮತ್ತೆ ಐದು ಟಿಕೆಟ್ ಒಬ್ಬನ ಮೊಬೈಲಲ್ಲಿ ಬೇಡವೇ ಬೇಡ, ಅವ ಇಳ್ದು ಹೋದ ಅಂದ್ರೆ ನಾಲ್ಕು ಜನ ಕಳ್ರು. ನಮ್ಮಲ್ಲಿ 2023ರ ಜೂನಿಂದ ಹೆಂಗಸ್ರಿಗೆ ಫ್ರೀ ಆಯ್ತಲ್ಲ, ಆದ್ರೂ ಝೀರೋ ಟಿಕೆಟ್ ಹರಿದು ಒಬ್ಬೊಬ್ರ ಕೈಗೂ ಕೊಡ್ಲೇಬೇಕು, ಸುಮ್ನೆ ಅಲ್ಲ.

ಅಲ್ಲೊಂದು ಗಡಿಯಾರ ಇದೆಯಲ್ಲ, 1410ರದ್ದು, ತಾಸಿಗೊಂದ್ಸಲ ಅಸ್ಥಿಪಂಜರ ಗಂಟೆ ಬಾರಿಸಿ ಮೇಲೆ ಕಿಟಕಿಲಿ ಗೊಂಬೆಗಳು ಮೆರವಣಿಗೆ ಹೋಗ್ತವೆ. ನೋಡು, ಖಂಡಿತ ನೋಡು. ಆದ್ರೆ ಆ ಜನ ನಿಂತ ರೀತಿ ವಿಡಿಯೋದಲ್ಲಿ ಕಂಡ ಕೂಡ್ಲೆ ನನಗೆ ನೆನಪಾದ್ದು ಮಾರಿಕಾಂಬಾ ಜಾತ್ರೆ. ರಥ ಜಾತ್ರೆ ಬಯಲು ಬಿಡ್ಕಿಬೈಲಿಗೆ ಬರೂವಾಗ ಎಲ್ಲರ ಮುಖ ಮೇಲೆ, ಎರಡೂ ಕೈ ಜೋಡ್ಸಿ ಹಣೆ ಹತ್ರ, ಕಿಸೆಗೆ ಕಾವಲಿಲ್ಲ. ಕಿಸೆಗಳ್ಳನಿಗೆ ಬೇಕಾದ್ದು ಅಷ್ಟೇ. ನನ್ನ ಒಂದು ತಿಂಗಳ ಪಗಾರ ಹಾಗೇ ಹೋಗಿದೆ, ತಾಯಿಗೆ ಹರಕೆ ಅಂತ ಸಮಾಧಾನ ಮಾಡ್ಕೊಂಡೆ. ಬ್ಯಾಗು ಎದೆ ಮೇಲೆ ಬರ್ಲಿ, ಮೊಬೈಲ್ ಹಿಂದಿನ ಕಿಸೆಲಿ ಬೇಡ. ಚಾರ್ಲ್ಸ್ ಬ್ರಿಜ್ಜಿಗೆ ಬೆಳಿಗ್ಗೆ ಏಳರೊಳಗೆ ಹೋಗು, 516 ಮೀಟರ್ ಉದ್ದ, 1357ರಲ್ಲಿ ಶುರು ಮಾಡಿದ ಕಲ್ಲಿನ ಸೇತುವೆ, ಆ ಹೊತ್ತಿಗೆ ಜನ ಕಮ್ಮಿ, ಎರಡೂ ಬದಿಯ ಮೂವತ್ತು ವಿಗ್ರಹ ನಿಧಾನಕ್ಕೆ ನೋಡ್ಬೌದು. ಕೆಳಗೆ ಹರಿಯೂ ವ್ಲ್ಟಾವಾ (ಬಾಯಲ್ಲಿ ಹೇಳೂಕೆ ನನಗೆ ಬರೂದಿಲ್ಲ) ಮುಂದೆ ಎಲ್ಬೆ ಹೊಳೆಗೆ ಸೇರಿ ನಿಮ್ಮ ಡ್ರೆಸ್ಡೆನ್ನಿಗೇ ಬರ್ತದಂತೆ, ನಮ್ಮ ಶಾಲ್ಮಲೆ ಬೇಡ್ತಿಗೆ ಸೇರಿ ಗಂಗಾವಳಿ ಆಗಿ ಸಮುದ್ರಕ್ಕೆ ಹೋದ ಹಾಗೆ. ಅಂದ್ರೆ ನೀ ದಿನಾ ನೋಡೂದು ಅಲ್ಲಿಂದ ಬಂದ ನೀರೇ.

ದುಡ್ಡು ಅಲ್ಲಿ ಯೂರೋ ಅಲ್ಲ, ಕೊರುನಾ, ಒಂದು ಯೂರೋಕ್ಕೆ ಹತ್ರ ಹತ್ರ 25. ಎಟಿಎಂ ನಿಮ್ಮ ಯೂರೋ ಲೆಕ್ಕದಲ್ಲೇ ಕೊಡ್ತೇನೆ ಅಂತ ನಯವಾಗಿ ಕೇಳ್ತದೆ, ಬೇಡ ಅನ್ನು, ಕೊರುನಾದಲ್ಲೇ ಒತ್ತು, ಇಲ್ದೆ ಇದ್ರೆ ಅದು ತನಗೆ ಬೇಕಾದ ರೇಟ್ ಹಾಕ್ಕೊಳ್ತದೆ. ಬದಲಾಯಿಸೂ ಅಂಗಡಿಲಿ ಮೋಸ ಹೋದೆ ಅನ್ನಿಸಿದ್ರೆ ರಸೀದಿ ಇಟ್ಕೊಂಡು ಮೂರು ತಾಸೊಳಗೆ ವಾಪಸ್ ಹೋಗು, 1000 ಯೂರೋ ತನಕ ತಿರುಗಿ ಕೊಡ್ಲೇಬೇಕು ಅಂತ 2019ರಿಂದ ಅಲ್ಲಿ ಕಾನೂನು ಇದೆ. ಬೀದಿಲಿ ಒಳ್ಳೆ ರೇಟ್ ಕೊಡ್ತೇನೆ ಅನ್ನೂವವನ ಮುಖನೂ ನೋಡ್ಬೇಡ. ಖರ್ಚು ಹಂಚೂದು ದಿನದ್ದು ದಿನ ರಾತ್ರಿ ಮುಗ್ಸಿ. ಚಿಲ್ಲರೆ ಇಲ್ದಾಗ ನಾವು ಟಿಕೆಟ್ಟಿನ ಹಿಂದೆ ಬರ್ದು ಕೊಡ್ತಿದ್ವಿ ನೋಡು, ಇಳಿಯೂವಾಗ ಕೇಳದವ್ರೇ ಜಾಸ್ತಿ, ಮರುದಿನ ಮಾತ್ರ ಊರಿಡೀ ಕಂಡಕ್ಟರ್ ಕಳ್ಳ ಅಂತ ಹೇಳ್ಕೊಂಡು ತಿರುಗ್ತಿದ್ರು. ಆರು ಯೂರೋಕ್ಕೆ ಸ್ನೇಹ ಹಾಳಾಗೂದು ಬೇಡ.

ಊಟದ್ದು ನಿನ್ನ ಆಯಿಯ ಡಿಪಾರ್ಟ್‌ಮೆಂಟು, ಚಟ್ನಿಪುಡಿ ಬ್ಯಾಗಲ್ಲಿ ಇರ್ತದೆ ಅಂತ ಗೊತ್ತು. ಕರಿದ ಚೀಸ್ ಸಿಗ್ತದಂತೆ. ಸೂಪ್ ಮಾತ್ರ ಕೇಳಿ ಕುಡಿ, ತರಕಾರಿ ಸೂಪ್ ಅಂದ್ರೂ ಮಾಂಸದ ನೀರಲ್ಲಿ ಮಾಡಿರ್ಬೌದು.

ಬಿಯರ್ ದೇಶ ಅದು, ಆ ವಿಷ್ಯ ನಾ ಕೇಳೂದಿಲ್ಲ, ನೀನೂ ಹೇಳ್ಬೇಡ. ಒಬ್ರಾದ್ರೂ ಸ್ವಚ್ಛ ತಲೆಲಿ ಇರ್ಬೇಕು, ಅದು ನೀನಾದ್ರೆ ನನಗೆ ನಿದ್ದೆ ಬರ್ತದೆ. ಮೆಟ್ರೋ ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ನಿಲ್ತದೆ, ಆಮೇಲೆ ರಾತ್ರಿ ಟ್ರಾಮ್, ಎಲ್ಲ 90ರಿಂದ 99ರ ತನಕದ ನಂಬರು, ಉಳ್ಕೊಳ್ಳೂ ಜಾಗಕ್ಕೆ ಹೋಗೂದು ಯಾವ್ದು ಅಂತ ಸಂಜೆನೇ ನೋಡಿಟ್ಕೊ. ತಪ್ಪಿಸ್ಕೊಂಡ್ರೆ ಸೇರೂ ಜಾಗ ಮೊದ್ಲೇ ಗೊತ್ತು ಮಾಡಿ, ಮೊಬೈಲ್ ಚಾರ್ಜ್ ನಂಬ್ಬೇಡಿ. ವೆನ್ಸೆಸ್ಲಾಸ್ ಚೌಕದಲ್ಲಿ ಕುದುರೆ ಮೇಲೆ ಕೂತ ರಾಜನ ಮೂರ್ತಿ ಇದೆ, ಅಲ್ಲಿಯವ್ರೂ ಒಬ್ಬರಿಗೊಬ್ರು 'ಕುದುರೆ ಹತ್ರ ಸಿಗ್ತೇನೆ' ಅಂತಾರಂತೆ, ಅದೇ ಇಟ್ಕೊಳ್ಳಿ. ಏನಾದ್ರೂ ಎಡವಟ್ಟಾದ್ರೆ 112.

ವಾಪಸ್ ಬರೂವಾಗ ಸ್ಟೇಷನ್ ಹೆಸರು ಪೂರ್ತಿ ಓದು. ಡ್ರೆಸ್ಡೆನ್ ಟ್ರೈನು ಮೇನ್ ಸ್ಟೇಷನ್ನಲ್ಲೂ ನಿಲ್ತದೆ, ಹೊಲೆಶೋವಿಟ್ಸೆ ಅನ್ನೂ ಇನ್ನೊಂದು ಸ್ಟೇಷನ್ನಲ್ಲೂ ನಿಲ್ತದೆ. ಶಿರಸಿಲಿ ಹಳೆ ಬಸ್‌ಸ್ಟ್ಯಾಂಡಲ್ಲಿ ಕೂತು ಹೊಸ ಬಸ್‌ಸ್ಟ್ಯಾಂಡಿನ ಬಸ್ಸಿಗೆ ಕಾದವ್ರು ಎಷ್ಟು ಜನ ಅಂತ ಲೆಕ್ಕ ಇಟ್ಟಿಲ್ಲ ನಾನು. ಹತ್ತಿದ್ಮೇಲೆ ಐದು ತಲೆ ಎಣ್ಸು, ನಿನ್ನದನ್ನೂ ಸೇರ್ಸಿ, ಆಮೇಲೆ ಆಯಿಗೆ ಒಂದು ಮೆಸೇಜ್ ಹಾಕು, 'ರೈಟ್' ಅಂತ ಹಾಕಿದ್ರೂ ಸಾಕು, ನಾ ಅರ್ಥ ಹೇಳ್ತೇನೆ.

ಮತ್ತೆ, ಎಲ್ಲರೂ ಮೊಬೈಲಲ್ಲಿ ತಗೊಂಡ್ರೂ ನೀ ಒಂದು ಕಾಗದದ ಟಿಕೆಟ್ಟೇ ತಗೊ. ಆ ಹಳದಿ ಮೆಶೀನಿನ ಛಾಪು ಹೆಂಗೆ ಬೀಳ್ತದೆ ನೋಡ್ಬೇಕು ನನಗೆ. ಬಿಸಾಡ್ಬೇಡ, ಮಡಚ್ಲೂ ಬೇಡ, ಪುಸ್ತಕದೊಳಗೆ ಇಟ್ಕೊಂಡು ಮುಂದಿನ ಸಲ ಬರೂವಾಗ ತಾ.

ನಿನ್ನ ಮಾವ