‘ಇಳೀರಿ, ನಾನ್ ತೆಗೀತೀನಿ’ ಅನ್ನದ ಎಲ್ಲರಿಗೂ

ಅಕ್ಟೋಬರ್ ಕೊನೆಯ ಆ ಭಾನುವಾರ ಮಧ್ಯಾಹ್ನ, ಸಕಲೇಶಪುರದ ಹತ್ತಿರದ ಒಂದು ಕಾಫಿ ತೋಟದ ಕಣದಲ್ಲಿ 11 ಗಾಡಿಗಳು ಸಾಲಾಗಿ ಬಂದು ನಿಂತವು. ಐದು ಥಾರ್, ಮೂರು ಜಿಮ್ನಿ, ಎರಡು ಜಿಪ್ಸಿ, ಒಂದು ಹಳೇ ಎಂಎಂ 540 ಜೀಪು. ಯಾವುದರ ಬಣ್ಣ ಯಾವುದು ಅಂತ ಹೇಳುವ ಹಾಗಿರಲಿಲ್ಲ, ಅಷ್ಟು ಕೆಸರು. ಒಳಗಿಂದ ಇಳಿದವರು 19 ಹೆಣ್ಣುಮಕ್ಕಳು. ಹೆಣ್ಣುಮಕ್ಕಳೇ ಓಡಿಸುವ ಆಫ್ ರೋಡ್ ಟ್ರೇಲ್ ಅದು, ಅಂದರೆ ಡಾಂಬರಿಲ್ಲದ ಕೆಸರು ದಾರಿಯ ಸವಾರಿ. 9 ಕಿಲೋಮೀಟರ್ ದಾರಿಗೆ ನಮಗೆ ಆರೂವರೆ ಗಂಟೆ ಹಿಡಿದಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಯಾರೂ ತಮ್ಮ ಸೀಟು ಬೇರೆಯವರಿಗೆ ಬಿಟ್ಟುಕೊಡಲಿಲ್ಲ.

ಆ ಎರಡನೇ ಮಾತಿಗಾಗಿಯೇ ಇಷ್ಟೆಲ್ಲ ಮಾಡಿದ್ದು. ಅದಕ್ಕೆ ಕಾರಣರಾದವರಿಗೆ ಥ್ಯಾಂಕ್ಸ್ ಹೇಳಬೇಕು ಅಂತ ಕೂತಿದ್ದೇನೆ. ಅದಕ್ಕೆ ಮುಂಚೆ ಇದು ಎಲ್ಲಿಂದ ಶುರುವಾಯಿತು ಅಂತ ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದೆ ಒಂದು ಗುಂಪಿನ ಜೊತೆ ಹೋಗಿದ್ದಾಗ ನನ್ನ ಥಾರ್ ಒಂದು ಹೊಂಡದಲ್ಲಿ ಸಿಕ್ಕಿಕೊಂಡಿತು. ಒಂದು ನಿಮಿಷ ಆಗಿರಲಿಲ್ಲ, ನಾಲ್ಕು ಜನ ಓಡಿ ಬಂದರು. ಒಬ್ಬರು ಬಾಗಿಲು ತೆಗೆದು, ‘ಇಳೀರಿ ಮೇಡಂ, ನಾನ್ ತೆಗೀತೀನಿ’ ಅಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನು ಇಳಿದೆ. ಎರಡೇ ನಿಮಿಷದಲ್ಲಿ ಗಾಡಿ ಮೇಲೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ವಾಪಸ್ ಬೆಂಗಳೂರಿಗೆ ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಗಾಡಿ ಬಂತು ಸರಿ, ಹೇಗೆ ಬಂತು? ಯಾವ ಗೇರಿನಲ್ಲಿ, ಎಷ್ಟು ಆಕ್ಸಿಲರೇಟರ್ ಕೊಟ್ಟು, ಚಕ್ರ ಯಾವ ಕಡೆ ತಿರುಗಿಸಿ? ನನ್ನದೇ ಗಾಡಿ, ನನಗೇ ಗೊತ್ತಿಲ್ಲ. ನಾನು ಹೊರಗೆ ನಿಂತಿದ್ದೆ.

ಇದನ್ನು ಪರಿಚಯದ ನಾಲ್ಕೈದು ಜನರ ಹತ್ತಿರ ಹೇಳಿದೆ. ಎಲ್ಲರ ಹತ್ತಿರವೂ ಇಂಥದ್ದೇ ಒಂದು ಕಥೆ ಇತ್ತು.

ಮೊರಾಕ್ಕೋ ದೇಶದ ಮರಳುಗಾಡಿನಲ್ಲಿ 1990ರಿಂದ ಹೆಣ್ಣುಮಕ್ಕಳಿಗೆ ಮಾತ್ರ ಅಂತ ಒಂದು ರ‍್ಯಾಲಿ ನಡೆಯುತ್ತದೆ, ಗೆಜೆಲ್ ರ‍್ಯಾಲಿ. ಅಲ್ಲಿ ಜಿಪಿಎಸ್ ಇಟ್ಟುಕೊಳ್ಳುವ ಹಾಗಿಲ್ಲ. ಕೈಯಲ್ಲಿ ನಕ್ಷೆ ಮತ್ತು ದಿಕ್ಸೂಚಿ ಅಷ್ಟೇ. ಗೆಲ್ಲುವುದು ಬೇಗ ಬಂದವರಲ್ಲ, ಎಲ್ಲ ಗುರುತುಗಳನ್ನೂ ಮುಟ್ಟಿ ಎಲ್ಲರಿಗಿಂತ ಕಡಿಮೆ ದೂರ ಓಡಿಸಿದವರು. ನನಗೆ ಇದು ತುಂಬಾ ಹಿಡಿಸಿತು. ಜೋರಾಗಿ ಓಡಿಸುವುದಕ್ಕಿಂತ ನೋಡಿ ಓಡಿಸುವುದಕ್ಕೆ ಬೆಲೆ ಅಲ್ವಾ ಅದು? ನಮ್ಮ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬೈಕಿನಲ್ಲಿ ಬಾಹಾ ಅನ್ನುವ ಒರಟು ದಾರಿಯ ರ‍್ಯಾಲಿಗಳ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದಾಗಲೂ ಹೀಗೇ ಮೈ ಜುಮ್ಮೆಂದಿತ್ತು. ನಾವು ಮಾಡಿದ್ದು ಅದರ ಮುಂದೆ ಚಿಕ್ಕದು. ಆದರೆ ‘ಟೈಮ್ ನೋಡೋದು ಬೇಡ, ಸ್ಪರ್ಧೆ ಬೇಡ’ ಅನ್ನುವ ತೀರ್ಮಾನ ಬಂದದ್ದು ಆ ರ‍್ಯಾಲಿಯ ಬಗ್ಗೆ ಓದಿದ ಮೇಲೆಯೇ.

ಮೊದಲ ನಮಸ್ಕಾರ ತೋಟದ ಯಜಮಾನಿ ಅಮ್ಮನಿಗೆ.

ನಾವು ಮೊದಲು ಗೊತ್ತು ಮಾಡಿಕೊಂಡಿದ್ದ ಜಾಗ ಬೇರೆ. ಮೂರು ವಾರ ಇದೆ ಅನ್ನುವಾಗ ಅವರು ಬೇಡ ಅಂದುಬಿಟ್ಟರು. ‘ಬರೀ ಹೆಂಗಸರೇ ಅಂದ್ರೆ ಜವಾಬ್ದಾರಿ ಯಾರು ತಗೋತಾರೆ?’ ಅಂತ ಕೇಳಿದರು. ನಾನೇ ತಗೋತೀನಿ ಅಂದರೆ ಅದು ಉತ್ತರವೇ ಅಲ್ಲ ಅನ್ನುವ ಹಾಗೆ ಸುಮ್ಮನಾದರು. ಅಷ್ಟರಲ್ಲಿ 19 ಜನ ರಜೆ ಹಾಕಿದ್ದರು. ಕಾಡಿನ ದಾರಿಗೆ ಗಾಡಿ ಇಳಿಸುವ ಮಾತೇ ಇಲ್ಲ. ಅದು ಕಾನೂನಿಗೂ ತಪ್ಪು, ಕಾಡಿಗೂ ತಪ್ಪು. ಖಾಸಗಿ ಜಾಗವೇ ಬೇಕಿತ್ತು. ಗೆಳತಿಯೊಬ್ಬಳು ತನ್ನ ಊರಿನ ಕಡೆಯ ಈ ಅಮ್ಮನ ನಂಬರ್ ಕೊಟ್ಟಳು. ಫೋನಿನಲ್ಲಿ ಎಲ್ಲವನ್ನೂ ಉದ್ದಕ್ಕೆ ವಿವರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಊಟಕ್ಕೆ ಎಷ್ಟು ಜನ?’

ಅಮ್ಮನಿಗೆ ಅರವತ್ತು ದಾಟಿದೆ. ಮದುವೆಯಾಗಿ ಬಂದ ವರ್ಷವೇ ಜೀಪು ಕಲಿತರಂತೆ. ಮಳೆಗಾಲದಲ್ಲಿ ಮಕ್ಕಳನ್ನು ಶಾಲೆಗೆ ಬಿಡುವುದು, ಸಂತೆಗೆ ಹೋಗುವುದು, ಕೂಲಿಯವರಿಗೆ ಹುಷಾರಿಲ್ಲ ಅಂದರೆ ರಾತ್ರಿ ಹೊತ್ತಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಎಲ್ಲ ಅದೇ ಜೀಪಿನಲ್ಲಿ, ಅದೇ ಕೆಸರಿನಲ್ಲಿ. ನಾನು ದಾರಿ ನೋಡಲು ಹೋದಾಗ ಅವರೇ ಓಡಿಸಿಕೊಂಡು ತೋರಿಸಿದರು. ಇಳಿಜಾರಿನಲ್ಲಿ ಕ್ಲಚ್ಚಿನ ಮೇಲೆ ಕಾಲೇ ಇಡಲಿಲ್ಲ. ಗೇರಿನ ಹಿಡಿತದಲ್ಲೇ ಗಾಡಿ ಮೆಲ್ಲಗೆ ಇಳಿಯಿತು. ‘ಇದಕ್ಕೆ ಆಫ್ ರೋಡ್ ಅಂತ ಬೇರೆ ಹೆಸರಿದೆಯಾ ಮಗ? ನಮಗೆ ಇದು ಮನೆ ದಾರಿ’ ಅಂದರು. ಆ ದಿನ ನಮ್ಮ 11 ಗಾಡಿಗಳಿಗೂ ಮುಂದೆ ಹೋದದ್ದು ಅವರ ಜೀಪು.

ಆನೆ ವಿಷಯ ಹೇಳಿದವರೂ ಅವರೇ. ಸಕಲೇಶಪುರ, ಆಲೂರು ಕಡೆ ಕಾಡಾನೆಗಳು ತೋಟಕ್ಕೆ ಬರುವುದು ಎಲ್ಲರಿಗೂ ಗೊತ್ತು. ಅಲ್ಲಿ ಜೀವ ಕಳೆದುಕೊಂಡವರಿದ್ದಾರೆ. ನಾನು ಬೆಳಗ್ಗೆ ಆರಕ್ಕೇ ಹೊರಡೋಣ ಅಂತ ಪಟ್ಟಿ ಮಾಡಿಟ್ಟಿದ್ದೆ. ಅಮ್ಮ ಒಪ್ಪಲಿಲ್ಲ. ರಾತ್ರಿ ಮೇಯ್ದ ಆನೆಗಳು ಕಾಡಿಗೆ ತಿರುಗಿ ಹೋಗುವ ಹೊತ್ತು ಅದು. ಅರಣ್ಯ ಇಲಾಖೆಯ ಸಿಬ್ಬಂದಿ ಹಿಂದಿನ ರಾತ್ರಿ ಮತ್ತು ಬೆಳಗ್ಗೆ, ಎರಡು ಸಲ ಫೋನ್ ಮಾಡಿ ಹತ್ತಿರದಲ್ಲಿ ಆನೆ ಇಲ್ಲ ಅಂತ ತಿಳಿಸಿದ ಮೇಲೆ ಎಂಟೂವರೆಗೆ ಹೊರಟೆವು. ನಿದ್ದೆಗೆಟ್ಟು ಆನೆಯ ಹಿಂದೆ ಓಡಾಡುವ ಆ ಹುಡುಗರಿಗೆ ನಮಗೆ ಫೋನ್ ಮಾಡುವ ವ್ಯವಧಾನ ಎಲ್ಲಿಂದ ಬರುತ್ತದೋ ಗೊತ್ತಿಲ್ಲ. ಅವರಿಗೆ ಕೈ ಮುಗಿಯುತ್ತೇನೆ.

ಇನ್ನು ನಮ್ಮ ಮೇಷ್ಟ್ರು. ಸೇನೆಯಲ್ಲಿ ವರ್ಷಗಟ್ಟಲೆ ಗಾಡಿ ಓಡಿಸಿ ನಿವೃತ್ತರಾದ ಹಿರಿಯರು. ಎರಡು ಭಾನುವಾರ ಬೆಂಗಳೂರಿನ ಹೊರಗೆ ಒಂದು ಖಾಲಿ ಜಾಗದಲ್ಲಿ ನಮಗೆ ಪಾಠ ಮಾಡಿದರು. ಪಾಠ ಶುರುವಾಗುವ ಮುಂಚೆಯೇ ಹೇಳಿದರು, ‘ನಾನು ಕೈ ಹಿಂದೆ ಕಟ್ಟಿಕೊಂಡಿರ್ತೀನಮ್ಮ. ತೋರಿಸೋದು ಬಾಯಲ್ಲಿ ಮಾತ್ರ.’ ಹಾಗೇ ನಿಂತರು. ಟೈರಿನ ಗಾಳಿ 32 ಪಿಎಸ್ಐನಿಂದ 18ಕ್ಕೆ ಇಳಿಸುವುದು ಯಾಕೆ ಅಂತ ಅವರು ಹೇಳಿದ್ದು ಮರೆಯುವುದಿಲ್ಲ. ಗಾಳಿ ಕಡಿಮೆಯಾದರೆ ಟೈರು ನೆಲದ ಮೇಲೆ ಅಗಲವಾಗಿ ಕೂರುತ್ತದೆ, ಬರಿಗಾಲು ಊರಿದ ಹಾಗೆ. ಸ್ಟೇರಿಂಗಿನ ಒಳಗೆ ಹೆಬ್ಬೆರಳು ಸಿಕ್ಕಿಸಬಾರದು. ಚಕ್ರ ಕಲ್ಲಿಗೆ ಹೊಡೆದಾಗ, ಅದರಲ್ಲೂ ಹಳೇ ಜೀಪುಗಳಲ್ಲಿ, ಸ್ಟೇರಿಂಗ್ ತಿರುಗಿ ಬೆರಳು ಮುರಿಯುತ್ತದೆ. ಎಳೆಯುವ ಹಗ್ಗ ಬಿಗಿಯಾದ ಮೇಲೆ ಯಾರೂ ಅದನ್ನು ದಾಟಬಾರದು, ಅದರ ನೇರಕ್ಕೆ ನಿಲ್ಲಬಾರದು. ಹಗ್ಗದ ಮೇಲೆ ದಪ್ಪ ಕಂಬಳಿ ಹಾಕಬೇಕು, ತುಂಡಾದರೆ ಚಿಮ್ಮದೆ ಕೆಳಗೆ ಬೀಳಲಿ ಅಂತ. 19 ಜನರೂ ಒಬ್ಬೊಬ್ಬರಾಗಿ ಕೊಂಡಿ ಹಾಕಿ ತೆಗೆದು ತೋರಿಸುವವರೆಗೆ ಅವರು ಯಾರನ್ನೂ ಮನೆಗೆ ಬಿಡಲಿಲ್ಲ. ಸಾರ್, ಆ ಪಾಠ ಎಲ್ಲಿ ಉಪಯೋಗಕ್ಕೆ ಬಂತು ಅಂತ ಮುಂದೆ ಬರೆದಿದ್ದೇನೆ. ಓದಿ.

ಐದನೇ ಕಿಲೋಮೀಟರಿನ ಹತ್ತಿರ ಒಂದು ತಿರುವು. ಎಡಗಡೆ ನೀರು ಕೊರೆದ ಚರಂಡಿ. ಹಾಸನದಿಂದ ಬಂದಿದ್ದ ತಂಗಿಯ ಜಿಮ್ನಿ ಅಲ್ಲಿ ಜಾರಿತು. ಮೊದಲು ಹಿಂದಿನ ಚಕ್ರ, ಆಮೇಲೆ ಮುಂದಿನದು. ಗಾಡಿ ವಾಲಿತು, ಹೊಟ್ಟೆ ಕೆಸರಿನಲ್ಲಿ ಕೂತುಬಿಟ್ಟಿತು. ಆಕ್ಸಿಲರೇಟರ್ ಒತ್ತಿದರೆ ಚಕ್ರ ಸುಮ್ನೆ ತಿರುಗುತ್ತಿದೆ, ಕೆಸರು ಎರಚುತ್ತಿದೆ. ಅವಳು ಎಂಜಿನ್ ನಿಲ್ಲಿಸಿದಳು. ಅವಳ ಮೊದಲ ಟ್ರೇಲ್ ಅದು. ಕಿಟಕಿಯಿಂದ ನೋಡಿದಳು, ಕಣ್ಣು ತುಂಬಿತ್ತು. ‘ಅಕ್ಕ, ನೀವೇ ಬಂದು ತೆಗೀರಿ, ನನ್ ಕೈಲಾಗಲ್ಲ’ ಅಂದಳು.

ನನ್ನ ಕೈ ಬಾಗಿಲ ಹಿಡಿಕೆ ಮೇಲೆ ಹೋಗಿತ್ತು. ನಿಜ ಹೇಳುತ್ತೇನೆ, ತೆಗೆಯುವುದರಲ್ಲಿದ್ದೆ. ಮೂರು ವರ್ಷದ ಹಿಂದೆ ನನಗೆ ಬಾಗಿಲು ತೆಗೆದವರ ಮನಸ್ಸು ಏನಿತ್ತು ಅಂತ ಆ ಕ್ಷಣ ಅರ್ಥವಾಯಿತು. ಕಷ್ಟ ನೋಡಲಾರದೆ ಮಾಡುವ ಕೆಲಸ ಅದು. ಕೈ ಹಿಂದಕ್ಕೆ ತೆಗೆದುಕೊಂಡೆ. ‘ನೀನೇ ತೆಗಿ. ನಾವಿದ್ದೀವಿ’ ಅಂದೆ.

ಇಬ್ಬರು ಗುದ್ದಲಿ ಹಿಡಿದು ಗಾಡಿ ಹೊಟ್ಟೆ ಕೆಳಗಿನ ಮಣ್ಣು ತೆಗೆದರು. ಚಕ್ರದ ಮುಂದೆ ಕಲ್ಲು, ಹಲಗೆ ಇಟ್ಟೆವು. ಮುಂದಿದ್ದ ಥಾರಿನ ವಿಂಚಿನಿಂದ, ಅಂದರೆ ಹಗ್ಗ ಸುತ್ತಿಕೊಂಡು ಎಳೆಯುವ ಯಂತ್ರದಿಂದ, ಹಗ್ಗ ತಂದು ಸಿಕ್ಕಿಸಿದೆವು. ಕಂಬಳಿ ಹಾಕಿದೆವು. ಎಳೆದರೆ ಜಿಮ್ನಿ ಬರುವ ಬದಲು ಥಾರೇ ಜಾರಿಕೊಂಡು ಜಿಮ್ನಿ ಕಡೆ ಬರುತ್ತಿದೆ! ಥಾರಿನ ಹಿಂಭಾಗವನ್ನು ಮರಕ್ಕೆ ಕಟ್ಟಬೇಕು. ಪಕ್ಕದಲ್ಲೇ ನೆಟ್ಟಗೆ ಒಂದು ಸಿಲ್ವರ್ ಓಕ್ ಇತ್ತು. ಬೆಲ್ಟ್ ಹಿಡಿದು ಹೋದವರನ್ನು ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆ) ಅಕ್ಕ ಒಬ್ಬರು ತಡೆದರು. ‘ಅದಕ್ಕೆ ಬೇಡಿ ಕಣವ್ವ, ಮೆಣಸಿನ ಬಳ್ಳಿ ಹಬ್ಬೈತೆ. ಕಾಳು ಕಟ್ಟೋ ಟೈಮು.’ ಅವರೇ ಗಿಡಗಳ ನಡುವೆ ನುಗ್ಗಿ, ಸ್ವಲ್ಪ ಮೇಲಿದ್ದ ಬಳ್ಳಿಯಿಲ್ಲದ ಹಲಸಿನ ಮರ ತೋರಿಸಿದರು. ಎರಡು ಬೆಲ್ಟ್ ಸೇರಿಸಿದ ಮೇಲೆ ಅಳತೆಗೆ ಸಿಕ್ಕಿತು. ಮರದ ತೊಗಟೆ ಕೂಡ ಉಜ್ಜಲಿಲ್ಲ.

ಸನ್ನೆ ಮಾಡುವವರು ಒಬ್ಬರೇ ಇರಬೇಕು ಅನ್ನುವುದು ನಿಯಮ. ಆ ದಿನ ಅದು ನಮ್ಮಲ್ಲೇ ಹಿರಿಯರಾದ, ಶಾಲೆಯ ಟೀಚರ್ ಒಬ್ಬರು. ಉಳಿದ ಹದಿನೇಳು ಜನ ತುಟಿ ಬಿಚ್ಚಲಿಲ್ಲ. ಟೀಚರ್ ಎರಡೂ ಕೈ ಎತ್ತಿ ಬೆರಳು ಮಡಿಸಿ ‘ಬಾ’ ಅಂದರು. ಅವಳು ನಾಲ್ಕೂ ಚಕ್ರಕ್ಕೆ ನಿಧಾನವಾಗಿ ಜೋರು ಎಳೆತ ಕೊಡುವ ಫೋರ್ ಲೋನಲ್ಲಿ ಮೊದಲ ಗೇರು ಹಾಕಿ, ಮೆಲ್ಲಗೆ, ಹಾಲು ಉಕ್ಕದ ಹಾಗೆ ನೋಡಿಕೊಳ್ಳುವಷ್ಟು ಮೆಲ್ಲಗೆ ಆಕ್ಸಿಲರೇಟರ್ ಕೊಟ್ಟಳು. ವಿಂಚ್ ಕಿರ್ ಎಂದಿತು. ಮುಂದಿನ ಚಕ್ರ ಹಲಗೆ ಹಿಡಿಯಿತು. ಹಿಂದಿನದು ಒಂದು ಸಲ ಜಾರಿ, ಕಲ್ಲು ಹಿಡಿದು ಮೇಲೆ ಬಂತು. ಸಿಕ್ಕಿಕೊಂಡಲ್ಲಿಂದ ಸರಿಯಾಗಿ ನಲವತ್ತು ನಿಮಿಷ. ಅವಳು ಇಳಿದು ಬಂದು ನನ್ನನ್ನು ತಬ್ಬಿಕೊಂಡಳು. ಆಮೇಲೆ ಹಿಂದೆ ಬರುವ ಗಾಡಿಯವರಿಗೆ, ‘ಬಲಗಡೆ ಚಕ್ರ ಆ ದಿಬ್ಬದ ಮೇಲೇ ಇಡಿ, ನಾನು ಅಲ್ಲಿ ಇಳಿಸಿದ್ದೇ ತಪ್ಪಾಯ್ತು’ ಅಂತ ತಾನೇ ತೋರಿಸಲು ನಿಂತಳು.

ಈ ನಲವತ್ತು ನಿಮಿಷವೂ ವಾಕಿ ಟಾಕಿಯ ಇನ್ನೊಂದು ತುದಿಯಲ್ಲಿ ಒಬ್ಬ ಹುಡುಗ ಇದ್ದ. ನಮ್ಮ ಮೆಕ್ಯಾನಿಕ್. ಕಣದಲ್ಲೇ ಸಾಮಾನು ಹರಡಿಕೊಂಡು ಕಾಯುತ್ತಿದ್ದ. ಕರೆದರೆ ಮಾತ್ರ ಬರಬೇಕು ಅಂತ ಮೊದಲೇ ಮಾತಾಗಿತ್ತು. ಅವನಿಗೆ ಕಾಲು ನಿಲ್ಲುತ್ತಿರಲಿಲ್ಲ ಅಂತ ಆಮೇಲೆ ಅಡುಗೆಯವರು ಹೇಳಿದರು. ಆದರೂ ಬರಲಿಲ್ಲ. ‘ಅಕ್ಕ, ಎಳೆಯೋ ಮುಂಚೆ ಚಕ್ರ ನೆಟ್ಟಗಿದೆಯಾ ನೋಡಿ’ ಅಂತ ಒಂದು ಮಾತು ಹೇಳಿ ಸುಮ್ಮನಾದ. ನೋಡಿದರೆ ಚಕ್ರ ಪೂರ್ತಿ ಎಡಕ್ಕೆ ತಿರುಗಿತ್ತು. ಆ ಒಂದು ಮಾತಿಗೂ, ಆಮೇಲಿನ ಆ ಮೌನಕ್ಕೂ ತಮ್ಮ, ನಿನಗೆ ದೊಡ್ಡ ಥ್ಯಾಂಕ್ಸ್.

ಬೇರೆ ಯಾರಾದರೂ ಹೀಗೆ ಹೆಣ್ಣುಮಕ್ಕಳ ಟ್ರೇಲ್ ಮಾಡುವುದಾದರೆ ಒಂದು ಮಾತು. ದಾರಿಗಿಂತ ಮೊದಲು ಶೌಚಾಲಯ ಎಲ್ಲಿ ಅಂತ ನೋಡಿಕೊಳ್ಳಿ. ಬೇರೆ ಟ್ರಿಪ್ಪುಗಳಲ್ಲಿ ನಾವು ಬೆಳಗ್ಗೆಯಿಂದ ನೀರು ಕುಡಿಯದೆ ಕೂರುತ್ತೇವೆ. ತಲೆನೋವು ಬರುತ್ತದೆ, ಗಮನ ತಪ್ಪುತ್ತದೆ. ತಿಂಗಳ ದಿನಗಳಾದರೆ ಇನ್ನೂ ಕಷ್ಟ. ಈ ಸಲ ದಾರಿ ಮಧ್ಯೆ ಎರಡು ಕಡೆ ಲೈನ್ ಮನೆಯವರು ತಮ್ಮ ಶೌಚಾಲಯ ತೊಳೆದು, ಬಕೆಟ್ಟಿನಲ್ಲಿ ನೀರು ತುಂಬಿಸಿ, ಹೊಸ ಸೋಪು ಇಟ್ಟು ಬಿಟ್ಟುಕೊಟ್ಟಿದ್ದರು. ನಾವು ಹೊಟ್ಟೆ ತುಂಬ ನೀರು ಕುಡಿದೆವು. ಇಂಬಳ (ಜಿಗಣೆ) ಹತ್ತಿದವರ ಕಾಲಿಗೆ ಉಪ್ಪು ಹಚ್ಚಿದವರೂ ಅವರೇ. ಆ ಅಕ್ಕಂದಿರ ಉಪಕಾರ ತೀರಿಸುವುದು ಹೇಗೆ ಅಂತ ನನಗೆ ತೋಚುತ್ತಿಲ್ಲ.

ಅಡುಗೆಮನೆಯವರಿಗೆ: ಆ ಕಡುಬು, ಆ ಕೋಳಿ ಸಾರು, ಬಿಸಿ ಅಕ್ಕಿ ರೊಟ್ಟಿ. ಆ ದಿನ ತಿಂದಷ್ಟು ನಾನು ಯಾವತ್ತೂ ತಿಂದಿಲ್ಲ.

ಜೊತೆಗೆ ಬಂದು ಔಷಧಿ ಪೆಟ್ಟಿಗೆ ಹೊತ್ತು, ಗಾಡಿಯನ್ನೂ ಓಡಿಸಿದ ನಮ್ಮ ಡಾಕ್ಟರ್ ಗೆಳತಿಗೆ ಥ್ಯಾಂಕ್ಸ್. ಎರಡು ವರ್ಷದ ಮೊಮ್ಮಗನನ್ನು ಎರಡು ದಿನ ನೋಡಿಕೊಂಡು, ‘ನೀನು ಹೋಗಿ ಬಾ, ಇಲ್ಲಿ ಚಿಂತೆ ಬೇಡ’ ಅಂತ ಸೊಸೆಯನ್ನು ಕಳಿಸಿಕೊಟ್ಟ ಆ ಅತ್ತೆಗೆ ಥ್ಯಾಂಕ್ಸ್. ತನ್ನ ಪ್ರೀತಿಯ ಹಳೇ ಜಿಪ್ಸಿಯ ಕೀಲಿ ಕೊಟ್ಟು, ಒಂದು ಸಲವೂ ಫೋನ್ ಮಾಡಿ ಗಾಡಿ ಹೇಗಿದೆ ಅಂತ ಕೇಳದ ಆ ಅಣ್ಣನಿಗೂ. ನನ್ನ ಅಮ್ಮನಿಗೆ, ನಾನು ಮನೆ ತಲುಪುವವರೆಗೆ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತಲೇ ಇದ್ದದ್ದಕ್ಕೆ.

ಇನ್ನು, ಜೊತೆಗೆ ಬಂದ ನಿಮಗೆಲ್ಲ ಥ್ಯಾಂಕ್ಸ್. ಗುರುತಿಲ್ಲದ ನನ್ನ ಮಾತು ನಂಬಿ ಗಾಡಿ ತಂದಿರಿ. ಸೀಟ್ ಬೆಲ್ಟ್ ಹಾಕಿ ಅಂತ ನೂರು ಸಲ ಕೂಗಿದಾಗಲೂ ಬೇಜಾರು ಮಾಡಿಕೊಳ್ಳಲಿಲ್ಲ. ಕಡಿದಾದ ಆ ಕೊನೆಯ ಏರು ಬೇಡ ಅಂತ ಇಬ್ಬರು ಸುತ್ತು ದಾರಿ ಹಿಡಿದರು. ತನಗೆ ಯಾವುದು ಸಾಕು ಅಂತ ತಿಳಿದು ಹೇಳುವುದಕ್ಕೂ ಧೈರ್ಯ ಬೇಕು, ಅವರಿಬ್ಬರ ಮೇಲೆ ನನಗೆ ಅಷ್ಟೇ ಅಭಿಮಾನ.

ಮಂಗಳವಾರ ತೋಟದ ಅಮ್ಮ ಫೋನ್ ಮಾಡಿದ್ದರು. ನಾವು ಹಾಳು ಮಾಡಿದ ದಾರಿಯನ್ನು ನಾವೇ ಸರಿ ಮಾಡಿಕೊಡುವುದು ಅಂತ ಮಾತಾಗಿತ್ತಲ್ಲ, ಮುಂದಿನ ವಾರ ಆರು ಜನ ಗುದ್ದಲಿ, ಬುಟ್ಟಿ ತಗೊಂಡು ಬರುತ್ತೇವೆ ಅಂದೆ. ‘ಬನ್ನಿ, ಕೊಯ್ಲು ಶುರುವಾದ್ರೆ ಟ್ರ್ಯಾಕ್ಟರ್ ಓಡಾಡ್ಬೇಕು’ ಅಂದರು. ಆಮೇಲೆ ಸ್ವಲ್ಪ ತಡೆದು, ‘ಆ ತಿರುವಿನ ಚರಂಡಿ ಎಷ್ಟು ಮುಚ್ಚಿದ್ರೂ ಮಳೆಗಾಲಕ್ಕೆ ಮತ್ತೆ ಬಾಯಿ ಬಿಡ್ತದೆ. ಆ ಹಾಸನದ ಹುಡುಗಿಗೆ ಹೇಳು, ಬರೋ ವರ್ಷ ಮುಂದಿನ ಗಾಡಿ ಅವಳದ್ದು’ ಅಂದರು.