ಪೆಟ್ಟಿಗೆ ಮೇಲೆ ಹೆಸರು ಹಾಕಿ

ಅಕ್ಟೋಬರ್ ಬಂತೆಂದರೆ ಮ್ಯೂನಿಕ್ಕಿನ ಯು-ಬಾನ್‌ಗಳಲ್ಲಿ ಕನ್ನಡ ಜಾಸ್ತಿ ಕೇಳಿಸುತ್ತದೆ. ಟೆಕ್ನಿಕಲ್ ಯೂನಿವರ್ಸಿಟಿಯ ಕ್ಯಾಂಪಸ್ ಇರುವ ಗಾರ್ಚಿಂಗ್ ಕಡೆ ಹೋಗುವ ಯು6 ರೈಲಿನಲ್ಲಂತೂ ಬೆಳಗ್ಗೆ ಹೊತ್ತು ಹುಬ್ಬಳ್ಳಿ ಮಾತು, ಮೈಸೂರು ಮಾತು, ಮಂಗಳೂರು ಮಾತು ಎಲ್ಲವೂ ಕಿವಿಗೆ ಬೀಳುತ್ತವೆ. 2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರ ಸಂಖ್ಯೆ 49 ಸಾವಿರ ದಾಟಿತ್ತು. ಹೊರದೇಶದಿಂದ ಬಂದವರಲ್ಲಿ ನಮ್ಮವರದೇ ದೊಡ್ಡ ಗುಂಪು.

ಈ ಮಕ್ಕಳು ಸುಮ್ನೆ ಬಂದಿರುವುದಿಲ್ಲ. ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ, ವೀಸಾ, ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಬ್ಲಾಕ್ಡ್ ಅಕೌಂಟಿಗೆ ಒಂದು ವರ್ಷದ ಖರ್ಚೆಂದು 11,904 ಯೂರೋ. ಎಷ್ಟೋ ಮನೆಗಳಲ್ಲಿ ಅದರ ಹಿಂದೆ ಸೈಟು ಅಡವಿಟ್ಟು ತೆಗೆದ ಸಾಲವಿದೆ. 2024ರ ಚಳಿಗಾಲದ ಸೆಮಿಸ್ಟರಿನಿಂದ ಇಲ್ಲಿನ ಟೆಕ್ನಿಕಲ್ ಯೂನಿವರ್ಸಿಟಿ ಕೂಡ ನಮ್ಮಂಥ ದೇಶಗಳಿಂದ ಹೊಸದಾಗಿ ಸೇರುವವರಿಗೆ ಫೀಸು ಹಾಕಿದೆ. ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋ.

ಇಷ್ಟೆಲ್ಲ ದಾಟಿ ಬಂದವರು ಎಡವುವುದು ವಿಳಾಸದ ವಿಷಯದಲ್ಲಿ.

ಹೊಸ ಮನೆಗೆ ಹೋದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸದ ನೋಂದಣಿ, ಅಂದರೆ ಅನ್‌ಮೆಲ್ಡುಂಗ್ ಮಾಡಿಸಬೇಕು. ಅದಕ್ಕೆ ಮನೆ ಕೊಟ್ಟವರು ಸಹಿ ಹಾಕಿದ ಕಾಗದ ಬೇಕು. ಅದಾದ ಮೇಲೆ ಟ್ಯಾಕ್ಸ್ ನಂಬರ್ ಪೋಸ್ಟಿನಲ್ಲಿ ಬರುತ್ತದೆ. ಆ ನಂಬರ್ ಕೊಡದೆ ಪಾರ್ಟ್ ಟೈಮ್ ಕೆಲಸಕ್ಕೆ ಸೇರಿದರೆ ಆರನೇ ಕ್ಲಾಸಿನ, ಅಂದರೆ ಎಲ್ಲಕ್ಕಿಂತ ಹೆಚ್ಚಿನ ದರದ ತೆರಿಗೆ ಹಿಡಿಯುತ್ತಾರೆ, ಕೈಗೆ ಬರುವ ದುಡ್ಡು ಕರಗಿಹೋಗುತ್ತದೆ. ಬ್ಯಾಂಕ್ ಕಾರ್ಡ್ ಒಂದು ಲಕೋಟೆಯಲ್ಲಿ, ಪಿನ್ ಇನ್ನೊಂದರಲ್ಲಿ. ಇನ್ಶೂರೆನ್ಸ್ ಕಾರ್ಡೂ ಪೋಸ್ಟಿನಲ್ಲೇ.

ನಮ್ಮೂರಿನಲ್ಲಾದರೆ "ಗಣಪತಿ ಗುಡಿ ಹಿಂದೆ, ಮೂರನೇ ಕ್ರಾಸ್" ಅಂದರೂ ಪತ್ರ ಬರುತ್ತದೆ, ಇಲ್ಲದಿದ್ದರೆ ಕೊರಿಯರ್‌ನವರು ಫೋನ್ ಮಾಡುತ್ತಾರೆ. ಇಲ್ಲಿ ಸಾಮಾನ್ಯವಾಗಿ ವಿಳಾಸದಲ್ಲಿ ಫ್ಲಾಟ್ ನಂಬರೇ ಇರುವುದಿಲ್ಲ. ಪೋಸ್ಟಿನವರು ನೋಡುವುದು ಕೆಳಗಿನ ಅಂಚೆ ಪೆಟ್ಟಿಗೆ ಮೇಲಿನ ಹೆಸರನ್ನು. ಹೆಸರಿಲ್ಲ ಅಂದರೆ ಪತ್ರ ವಾಪಸು.

ದಾವಣಗೆರೆ ಕಡೆಯ ಒಬ್ಬ ಹುಡುಗ ಗೆಳೆಯರ ರೂಮಿನಲ್ಲಿದ್ದ. ಕಾರ್ಡ್ ಬಂತು, ಪಿನ್ ಬರಲೇ ಇಲ್ಲ. ಮತ್ತೆ ಕಳಿಸಿದರು, ಮತ್ತೆ ಬರಲಿಲ್ಲ. ನಾವು ಹೋಗಿ ನೋಡಿದರೆ ಪೆಟ್ಟಿಗೆ ಮೇಲೆ ನೀಟಾಗಿ "ಕಿರಣ್" ಎಂದು ಬರೆದು ಅಂಟಿಸಿದ್ದ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಕೂತಿದ್ದು ಅಪ್ಪನ ಹೆಸರು, ಬಸವರಾಜಪ್ಪ. ಪತ್ರಗಳೆಲ್ಲ "ಹೆರ್ ಬಸವರಾಜಪ್ಪ", ಅಂದರೆ ಶ್ರೀ ಬಸವರಾಜಪ್ಪ ಅವರಿಗೆ ಬಂದು ಹಿಂದಿರುಗುತ್ತಿದ್ದವು. ಇನಿಷಿಯಲ್ ಬಿಡಿಸಿ ಪಾಸ್‌ಪೋರ್ಟ್ ಮಾಡಿಸಿದ ನಮ್ಮ ಮಕ್ಕಳಿಗೆಲ್ಲ ಇದು ಅನ್ವಯ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂದು ಏನಿದೆಯೋ, ಅಪ್ಪನ ಹೆಸರೋ ಊರ ಹೆಸರೋ, ಅದನ್ನೇ ಪೆಟ್ಟಿಗೆಗೂ ಕಾಲಿಂಗ್ ಬೆಲ್ಲಿಗೂ ಅಂಟಿಸಿ. ಬಂದ ದಿನವೇ ಮಾಡಿ.

ಈಗ ರೂಮಿನ ಮಾತು. ವಿದ್ಯಾರ್ಥಿ ನಿಲಯಗಳಿಗೆ ಕಾಯುವವರ ಪಟ್ಟಿ ಉದ್ದ ಇದೆ. 1972ರ ಒಲಿಂಪಿಕ್ಸ್‌ನಲ್ಲಿ ಆಟಗಾರ್ತಿಯರು ಉಳಿದುಕೊಂಡಿದ್ದ ಒಲಿಂಪಿಕ್ ಗ್ರಾಮವೇ ಈಗ ವಿದ್ಯಾರ್ಥಿಗಳ ಪುಟ್ಟ ಬಂಗಲೆಗಳ ಕೇರಿ, ಅಲ್ಲಿಗಂತೂ ಎಲ್ಲರಿಗೂ ಆಸೆ. ಅಡ್ಮಿಷನ್ ಪತ್ರ ಸಿಕ್ಕ ಕೂಡಲೇ ಅರ್ಜಿ ಹಾಕಿ, ವೀಸಾ ಬರಲಿ ಎಂದು ಕಾಯಬೇಡಿ. "ನಾನು ಊರಲ್ಲಿಲ್ಲ, ಡಿಪಾಸಿಟ್ ಹಾಕಿ, ಕೀ ಪೋಸ್ಟಿನಲ್ಲಿ ಕಳಿಸುತ್ತೇನೆ" ಅನ್ನುವವರಿಗೆ ಒಂದು ಸೆಂಟೂ ಕೊಡಬೇಡಿ. ಡಿಪಾಸಿಟ್ ಎಷ್ಟೇ ಅಂದರೂ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವ ಹಾಗಿಲ್ಲ, ಅದೂ ಹೀಟಿಂಗ್ ಮುಂತಾದ ಖರ್ಚು ಬಿಟ್ಟು.

ಇಲ್ಲಿ ನೆಲೆಸಿರುವ ಹಿರಿಯರಿಗೆ ಇನ್ನೊಂದು ಮಾತು. "ಅಂಕಲ್, ಅಡ್ರೆಸ್ ಮಾತ್ರ ಕೊಡಿ, ಇರೋದು ಬೇರೆ ಕಡೆ" ಎಂದು ಯಾರಾದರೂ ಕೇಳಿದರೆ ದಾಕ್ಷಿಣ್ಯಕ್ಕೆ ಒಪ್ಪಬೇಡಿ. ವಾಸ ಇಲ್ಲದವರಿಗೆ ವಿಳಾಸ ಕೊಟ್ಟರೆ 50,000 ಯೂರೋವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಅದರ ಬದಲು ರೂಮನ್ನೇ ಕೊಡಿ. ಮಕ್ಕಳು ದೂರ ಓದಲು ಹೋಗಿ ಖಾಲಿ ಬಿದ್ದಿರುವ ಕೋಣೆಗಳು ನಮ್ಮಲ್ಲಿ ಎಷ್ಟು ಮನೆಗಳಲ್ಲಿವೆ, ನಮಗೇ ಗೊತ್ತಲ್ವಾ? ಬಾಡಿಗೆ ಮನೆಯಾದರೆ ಮೊದಲು ಮಾಲೀಕರ ಒಪ್ಪಿಗೆ ತೆಗೆದುಕೊಳ್ಳಿ. ಅಕ್ಟೋಬರ್, ನವೆಂಬರ್ ಎರಡು ತಿಂಗಳು ಸಿಕ್ಕರೂ ಒಂದು ಮಗುವಿನ ಕಾಗದಪತ್ರವೆಲ್ಲ ದಾರಿಗೆ ಬರುತ್ತದೆ. ಯುಗಾದಿಗೆ ಹೋಳಿಗೆ ಊಟಕ್ಕೆ ಪ್ರೀತಿಯಿಂದ ಕರೆಯುತ್ತೇವೆ, ಕರೆಯಲೇಬೇಕು. ಆದರೆ ಅಷ್ಟು ಹೊತ್ತಿಗೆ ಅವರ ಕಷ್ಟದ ದಿನ ಕಳೆದಿರುತ್ತದೆ. ನಾಲ್ಕೂವರೆಗೆಲ್ಲ ಕತ್ತಲಾಗುವ ಡಿಸೆಂಬರನ್ನು ಒಬ್ಬೊಬ್ಬರೇ ದಾಟಿ ಬಂದಿರುತ್ತಾರೆ.

ಕೋಣೆ ಕೊಡಬಲ್ಲವರು ಆಗಸ್ಟ್ ಮುಗಿಯುವುದರೊಳಗೆ ನಮ್ಮ ಕನ್ನಡ ಸಂಘದ ಸಮಿತಿಗೆ ತಿಳಿಸಿ. ಯಾವ ಬಡಾವಣೆ, ಎಷ್ಟು ದಿನಕ್ಕೆ, ಅಡುಗೆಮನೆ ಬಳಸಬಹುದೇ ಎಂದು ಬರೆಯಿರಿ. ಬಾಡಿಗೆ ತೆಗೆದುಕೊಳ್ಳುವುದಾದರೆ ಎಷ್ಟೆಂದು ಮೊದಲೇ ಹೇಳಿಬಿಡಿ. ಸಂಕೋಚದಲ್ಲಿ ಬಾಯಿ ಮುಚ್ಚಿಕೊಂಡು ಆಮೇಲೆ ಎರಡೂ ಕಡೆ ಮನಸ್ಸು ಕೆಡುವುದು ಬೇಡ.