ಗೆಳೆಯನಿಗೊಂದು ಪತ್ರ: ಮಗನ ಜ್ವರ ಮತ್ತು ಯಾರೂ ಕೇಳದ ಪ್ರಶ್ನೆ

ಕೊತ್ರೂಡ್, ಪುಣೆ

ಪ್ರೀತಿಯ ಗೆಳೆಯಾ,

"ಸಣ್ಣಾವಗ ಏನಾಗಿತ್ತೋ, ಒಂದೀಟು ಬಿಡಿಸಿ ಹೇಳು" ಅಂತ ಫೋನಿನಲ್ಲಿ ಮತ್ತೆ ಮತ್ತೆ ಕೇಳಿದೆ. ಮಗ ಪಕ್ಕದಲ್ಲೇ ಕೂತಿದ್ದ. ಅವನ ಮುಂದೆ ಆ ಮಾತು ಎತ್ತಲು ಮನಸ್ಸಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹೆಸರು ಬಿಟ್ಟು ಇದನ್ನು ಎಲ್ಲರಿಗೂ ಕಾಣುವ ಹಾಗೆಯೇ ಹಾಕುತ್ತೇನೆ. ನಿಮ್ಮ ಮನೆಯ ಹಾಗೆ ನಾಯಿ, ದನ, ಮಕ್ಕಳು ಎಲ್ಲ ಒಂದೇ ಅಂಗಳದಲ್ಲಿರುವ ಯಾರಿಗಾದರೂ ಉಪಯೋಗಕ್ಕೆ ಬರಲಿ.

ಅವನಿಗೆ ಬಂದದ್ದು ಉಣ್ಣಿ ಕಚ್ಚಿ ಬರುವ ಜ್ವರ. ಡಾಕ್ಟರರು ಇಂಡಿಯನ್ ಟಿಕ್ ಟೈಫಸ್ ಅನ್ನುತ್ತಾರೆ. ನಾಯಿಯ ಮೈಮೇಲಿರುವ ಕಂದು ಉಣ್ಣಿ ಕಚ್ಚಿದಾಗ ರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾ ಮೈಯೊಳಗೆ ಸೇರಿ, ರಕ್ತನಾಳಗಳ ಒಳಪದರದ ಜೀವಕೋಶಗಳಲ್ಲಿ ಹೊಕ್ಕು ಬೆಳೆಯುತ್ತದಂತೆ. ಜ್ವರ, ಮೈಮೇಲೆ ದದ್ದು, ಕೈಕಾಲು ಊತ, ಎಲ್ಲದರ ಮೂಲ ಅಲ್ಲಿದೆ. ಈಗ ಇದನ್ನು ನಾಲ್ಕು ಸಾಲಿನಲ್ಲಿ ಬರೆದುಬಿಟ್ಟೆ. ನಮಗೆ ಇದು ತಿಳಿಯುವ ಹೊತ್ತಿಗೆ ಜ್ವರ ಎರಡನೇ ವಾರಕ್ಕೆ ಬಿದ್ದಿತ್ತು.

ಗಣಪತಿ ವಿಸರ್ಜನೆ ಆದ ಮೇಲೆ ಶುರುವಾದದ್ದು. ಆ ದಿನಗಳಲ್ಲಿ ಪುಣೆಯಲ್ಲಿ ಮಗುವಿಗೆ ಜ್ವರ ಬಂತೆಂದರೆ ಎಲ್ಲರ ಬಾಯಲ್ಲೂ ಡೆಂಗಿ. ಡೆಂಗಿಯ ಎನ್‌ಎಸ್1 ಪರೀಕ್ಷೆ ನೆಗೆಟಿವ್ ಬಂತು, ಮಲೇರಿಯಾವೂ ನೆಗೆಟಿವ್. ವಿಡಾಲ್ ಪರೀಕ್ಷೆಯಲ್ಲಿ ಟೈಫಾಯಿಡ್ ಸ್ವಲ್ಪ ಪಾಸಿಟಿವ್ ಅಂತ ಬಂದದ್ದೇ ತಡ, ಅಡ್ಮಿಟ್ ಮಾಡಿ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಹಚ್ಚಿದರು. ಟೈಫಾಯಿಡ್‌ಗೆ ಅದು ಒಳ್ಳೆಯ ಔಷಧಿಯೇ. ಆದರೆ ಆ ಜಾತಿಯ ಯಾವ ಆ್ಯಂಟಿಬಯೋಟಿಕ್ಕೂ ಜೀವಕೋಶದೊಳಗೆ ಅಡಗಿ ಕೂತ ರಿಕೆಟ್ಸಿಯಾವನ್ನು ಏನೂ ಮಾಡುವುದಿಲ್ಲ. ಇಂಜೆಕ್ಷನ್ ಹೋಗುತ್ತಲೇ ಇತ್ತು, ಜ್ವರ 103ರಿಂದ ಇಳಿಯುತ್ತಿರಲಿಲ್ಲ.

ಆಮೇಲೆ ಮಣಿಕಟ್ಟು, ಕಾಲಿನ ಗಿಣ್ಣಿನ ಹತ್ತಿರ ಸಣ್ಣ ಕೆಂಪು ಚುಕ್ಕೆ ಎದ್ದವು. ಔಷಧಿಯ ಅಲರ್ಜಿ ಅಂದರು. ಚುಕ್ಕೆ ತೋಳಿಗೆ, ತೊಡೆಗೆ, ಹೊಟ್ಟೆಗೆ ಹಬ್ಬಿ, ಕಡೆಗೆ ಅಂಗೈ, ಅಂಗಾಲಲ್ಲೂ ಕಂಡವು. ಪ್ಲೇಟ್‌ಲೆಟ್ ಇಳಿಯಿತು, ಸೋಡಿಯಂ ಇಳಿಯಿತು. ಮೀನಖಂಡ ಮುಟ್ಟಿದರೆ ಚೀರುತ್ತಿದ್ದ. ಎಡಗಾಲಿನ ಎರಡು ಬೆರಳ ತುದಿ ನೀಲಿಗಟ್ಟಿ, ಆಮೇಲೆ ಕಪ್ಪಾಗತೊಡಗಿದವು. ಆರು ವರ್ಷದ ಹುಡುಗ, "ಅಪ್ಪಾ, ನನ್ನ ಬೆರಳಿಗೆ ಯಾಕ ಮಸಿ ಹಚ್ಯಾರ?" ಅಂತ ಕೇಳಿದ. ಅವತ್ತು ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತೆ. ನಿನಗೆ ಬಿಟ್ಟು ಬೇರೆ ಯಾರಿಗೂ ಇದನ್ನು ಹೇಳಿಲ್ಲ, ಈಗ ಎಲ್ಲರಿಗೂ ಹೇಳಿದ ಹಾಗಾಯಿತು.

ನನಗೂ ಇವಳಿಗೂ ಆ ದಿನಗಳಲ್ಲಿ ಮಾತೇ ಕಡಿಮೆಯಾಗಿತ್ತು. ಅವಳು ಆಸ್ಪತ್ರೆ ಬದಲಿಸೋಣ ಅನ್ನುತ್ತಿದ್ದಳು. ಈ ಸ್ಥಿತಿಯಲ್ಲಿ ಮಗುವನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು ಅಂತ ನಾನು. ಧಾರವಾಡದಿಂದ ಅವ್ವ ದಿನಾ ಫೋನ್ ಮಾಡಿ, ದೃಷ್ಟಿ ತೆಗೆದ್ರೇನು, ಹನುಮಪ್ಪಗ ಎಣ್ಣಿ ಹಾಕಿಸಿದ್ರೇನು ಅಂತ ಕೇಳುತ್ತಿದ್ದಳು. ಮಗಳು ಪಕ್ಕದ ಫ್ಲ್ಯಾಟಿನ ಆಜಿಯ ಮನೆಯಲ್ಲಿ ಊಟ ಮಾಡಿ ಅಲ್ಲೇ ಮಲಗುತ್ತಿದ್ದಳು. ಆ ಆಜಿಯ ಋಣ ನಾನು ತೀರಿಸಲಾರೆ. ಕಡೆಗೆ ಇವಳ ಮಾತೇ ನಡೆಯಿತು. ಬೇರೆ ಆಸ್ಪತ್ರೆಗೆ ಹೋದೆವು.

ಅಲ್ಲಿನ ಮಕ್ಕಳ ಡಾಕ್ಟರು ವಯಸ್ಸಾದ ಹೆಂಗಸು. ಫೈಲು ತೆರೆಯುವ ಮೊದಲು ಮಗನ ಅಂಗೈ ತಿರುಗಿಸಿ ನೋಡಿದರು, ಆಮೇಲೆ ಅಂಗಾಲು. ಕಿವಿಯ ಹಿಂದೆ, ಕೂದಲ ಸಂದಿಯಲ್ಲಿ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಹುಡುಕಿದರು. ಉಣ್ಣಿ ಕಚ್ಚಿದ ಕಡೆ ಕೆಲವರಿಗೆ ಕಪ್ಪು ಹಕ್ಕಳೆ ಇರುತ್ತದಂತೆ. ಇವನಿಗೆ ಇರಲಿಲ್ಲ. "ಘರೀ ಕುತ್ರಾ ಆಹೇ ಕಾ? ಗೋಚೀಡ್ ವಗೈರೆ ಚಾವ್ಲಾ ಹೋತಾ ಕಾ?" ಮನೆಯಲ್ಲಿ ನಾಯಿ ಇದೆಯಾ, ಉಣ್ಣಿ ಗಿಣ್ಣಿ ಕಚ್ಚಿತ್ತಾ ಅಂತ ಕೇಳಿದರು. ನಾನೂ ಇವಳೂ ಒಟ್ಟಿಗೇ ಇಲ್ಲ ಅಂದೆವು. ನಮ್ಮ ಮನೆಯಲ್ಲಿ ನಾಯಿ ಇಲ್ಲವಲ್ಲ.

ಬಾಗಿಲ ಹತ್ತಿರ ಆಜಿಯ ಕೈ ಹಿಡಿದು ನಿಂತಿದ್ದ ಮಗಳು ಮೆಲ್ಲಗೆ ಹೇಳಿದಳು: "ಪಾರ್ಕಿಂಗ್‌ನ್ಯಾಗ ಮರಿ ಅದಾವ. ನಾವು ದಿನಾ ಬಿಸ್ಕೀಟ್ ಹಾಕ್ತೀವಿ. ಅವನ ಕುತ್ತಿಗಿ ಮ್ಯಾಲ ಒಂದು ಹುಳಾ ಇತ್ತು, ನಾ ಕಿತ್ತಿ ಒಗದೆ."

ಡಾಕ್ಟರು ಅವಳನ್ನು ಹತ್ತಿರ ಕರೆದು ಬೆನ್ನು ತಟ್ಟಿದರು. ಅರ್ಧ ಗಂಟೆಯೊಳಗೆ ಡಾಕ್ಸಿಸೈಕ್ಲಿನ್ ಶುರುವಾಯಿತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಗೆಳೆಯಾ, ಯಾಕೆಂದರೆ ನಾವೂ ಅಲ್ಲೇ ಹಿಂಜರಿದೆವು. ಎಂಟು ವರ್ಷದೊಳಗಿನ ಮಕ್ಕಳಿಗೆ ಈ ಔಷಧಿ ಕೊಟ್ಟರೆ ಹಲ್ಲು ಹಳದಿಯಾಗುತ್ತದೆ ಅಂತ ಇವಳು ಎಲ್ಲೋ ಕೇಳಿದ್ದಳು. ಅದು ಈ ಗುಂಪಿನ ಹಳೆಯ ಔಷಧಿ ಟೆಟ್ರಾಸೈಕ್ಲಿನ್‌ನ ಕಥೆ, ಕೆಲವೇ ದಿನ ಕೊಡುವ ಡಾಕ್ಸಿಸೈಕ್ಲಿನ್‌ನಿಂದ ಹಾಗಾಗುವುದಿಲ್ಲ ಅಂದರು ಡಾಕ್ಟರು. ಅಮೆರಿಕದಲ್ಲಿ ಇದೇ ಜಾತಿಯ ಜ್ವರದ ಗುಮಾನಿಯಲ್ಲಿ ಸಣ್ಣ ವಯಸ್ಸಿನಲ್ಲಿ ಈ ಔಷಧಿ ತೆಗೆದುಕೊಂಡ 58 ಮಕ್ಕಳ ಹಲ್ಲು ಪರೀಕ್ಷಿಸಿ, ಕಲೆ ಕಾಣಲಿಲ್ಲ ಅಂತ 2015ರಲ್ಲಿ ಪ್ರಕಟಿಸಿದ್ದಾರೆ. ಅದೇ ವರ್ಷ ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೊರಡಿಸಿದ ಮಾರ್ಗಸೂಚಿಯೂ ಮಕ್ಕಳಿಗೆ ತೂಕ ನೋಡಿ ಇದನ್ನೇ ಕೊಡಿ, ರಿಕೆಟ್ಸಿಯಾ ಗುಮಾನಿ ಬಲವಾಗಿದ್ದರೆ ಲ್ಯಾಬ್ ವರದಿಗೆ ಕಾಯಬೇಡಿ ಅನ್ನುತ್ತದೆ. ಕಾಯಬಾರದ್ದಕ್ಕೆ ಕಾರಣವೂ ಇದೆ. ಈ ಜ್ವರಕ್ಕೆ ಮಾಡುವ ರಕ್ತಪರೀಕ್ಷೆ ವೈಲ್-ಫೀಲಿಕ್ಸ್ ಇರಲಿ, ಐಜಿಎಂ ಎಲೈಸಾ ಇರಲಿ, ಮೈಯಲ್ಲಿ ರೋಗದ ವಿರುದ್ಧ ಹೋರಾಡುವ ಪ್ರತಿಕಾಯ ಹುಟ್ಟಿದ ಮೇಲೆಯೇ ಪಾಸಿಟಿವ್ ಬರುವುದು. ಮೊದಲ ವಾರದಲ್ಲಿ ರೋಗ ಇದ್ದೂ ನೆಗೆಟಿವ್ ತೋರಿಸಬಹುದು. ನಮ್ಮ ಮಗನ ಎಲೈಸಾ ವರದಿ ಪಾಸಿಟಿವ್ ಅಂತ ಕೈಗೆ ಬಂದಾಗ ಅವನು ಹಾಸಿಗೆಯಲ್ಲಿ ಎದ್ದು ಕೂತು ಅನ್ನ-ಸಾರು ಉಣ್ಣುತ್ತಿದ್ದ.

ಎರಡು ದಿನದೊಳಗೆ ಜ್ವರ ಇಳಿಯಿತು. ಎರಡೇ ದಿನ! ಅಷ್ಟು ಕಾಡಿದ ಜ್ವರ, ಯಾವ ಮೆಡಿಕಲ್ ಶಾಪಿನಲ್ಲೂ ಸಿಗುವ ಅಗ್ಗದ ಔಷಧಿಗೆ ಇಳಿಯಿತು. ನನಗೆ ಸಂತೋಷ ಎಷ್ಟಾಯಿತೋ ಸಿಟ್ಟೂ ಅಷ್ಟೇ ಬಂತು, ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಮೊದಲ ಆಸ್ಪತ್ರೆಯವರು ಸುಮ್ಮನೆ ಕೂತಿರಲಿಲ್ಲ, ಅದನ್ನು ಒಪ್ಪುತ್ತೇನೆ. ಹಗಲು ರಾತ್ರಿ ನೋಡಿಕೊಂಡರು. ಆದರೆ ಅಷ್ಟು ಜನ ಬಂದು ಹೋದರಲ್ಲ, ಒಬ್ಬರಾದರೂ ನಾಯಿಯ ಬಗ್ಗೆ ಕೇಳಬೇಕಿತ್ತು. ಜ್ವರದ ಜೊತೆ ಅಂಗೈ ಅಂಗಾಲಲ್ಲಿ ಚುಕ್ಕೆ ಕಂಡ ದಿನವಾದರೂ ಕೇಳಬೇಕಿತ್ತು.

ಉಣ್ಣಿ ಜ್ವರ ಅಂದ ಕೂಡಲೇ ಅವ್ವ ಹೆದರಿ, "ಮಂಗನ ಕಾಯಿಲೆ ಏನೋ?" ಅಂದಳು. ಅದಲ್ಲ. ಅದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು, ವೈರಸ್ಸಿನಿಂದ ಬರುವುದು. ಅದನ್ನು ಪತ್ತೆ ಹಚ್ಚಿದವರು ಇದೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು, ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ). ಅದಕ್ಕೆ ನೇರವಾದ ಔಷಧಿ ಇಲ್ಲ, ಇದಕ್ಕೆ ಇದೆ. ಇದಕ್ಕೆ ಕಾಡೂ ಬೇಕಿಲ್ಲ. ಕಂದು ಉಣ್ಣಿ ಗೋಡೆಯ ಬಿರುಕಿನಲ್ಲಿ, ಪಾರ್ಕಿಂಗ್ ಮೂಲೆಯಲ್ಲಿ, ನಾಯಿ ಮಲಗುವ ಗೋಣಿಚೀಲದ ಕೆಳಗೆ ಆರಾಮಾಗಿ ಬದುಕುತ್ತದೆ.

ಈಗ ಮಗ ಹೇಗಿದ್ದಾನೆ ಅಂದರೆ, ಚೆನ್ನಾಗಿದ್ದಾನೆ. ಬೆರಳ ತುದಿಯ ಕಪ್ಪು ಚರ್ಮ ಒಣಗಿ ಸುಲಿದು ಕೆಳಗೆ ಗುಲಾಬಿ ಚರ್ಮ ಬಂದಿದೆ, ಬೆರಳು ಉಳಿದವು. ಬೇಗ ದಣಿಯುತ್ತಾನೆ. ಮಧ್ಯಾಹ್ನದವರೆಗೆ ಮಾತ್ರ ಶಾಲೆಗೆ ಕಳಿಸುತ್ತೇವೆ. ಬಿಳಿ ಕೋಟು ಕಂಡರೆ ನನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಾನೆ.

ನನಗೆ ಹೆಚ್ಚು ಚಿಂತೆ ಮಗಳದು. ತಾನು ಮರಿಗಳ ಹತ್ತಿರ ಕರಕೊಂಡು ಹೋದದ್ದರಿಂದಲೇ ತಮ್ಮನಿಗೆ ಹೀಗಾಯಿತು ಅಂತ ಅವಳ ತಲೆಯಲ್ಲಿ ಕೂತುಬಿಟ್ಟಿದೆ. ಹನ್ನೆರಡು ವರ್ಷದ ಹುಡುಗಿ ರಾತ್ರಿ ಎದ್ದು ಟಾರ್ಚು ಹಿಡಿದು ಅವನ ಕುತ್ತಿಗೆ, ಕಿವಿ ನೋಡುತ್ತಾಳೆ. "ನೀ ಹೇಳಿದ್ದಕ್ಕ ಔಷಧಿ ಸಿಕ್ತವ್ವಾ" ಅಂತ ನಾನು ಎಷ್ಟು ಹೇಳಿದರೂ ಅದು ಅಪ್ಪನ ಸಮಾಧಾನದ ಮಾತು ಅಂತ ಅವಳ ಲೆಕ್ಕ. ಹೋದ ವಾರ ಚೆಕಪ್‌ಗೆ ಹೋದಾಗ ಅದೇ ಡಾಕ್ಟರಿಗೆ ಈ ವಿಷಯ ಹೇಳಿದೆ. ಅವರು ಅವಳನ್ನು ಕೂರಿಸಿಕೊಂಡು ಉಣ್ಣಿ ತೆಗೆಯುವ ಸರಿಯಾದ ರೀತಿ ಕಲಿಸಿದರು. ಸಣ್ಣ ಮೂತಿಯ ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ, ನೇರ ಮೇಲಕ್ಕೆ ನಿಧಾನವಾಗಿ ಎಳೆಯಬೇಕು. ಸೀಮೆಎಣ್ಣೆ, ಬೆಂಕಿಕಡ್ಡಿ ಏನೂ ಬೇಡ. ಬೆರಳಿನಿಂದ ಹಿಚುಕಬಾರದು. ಆಮೇಲೆ ಜಾಗ ಸಾಬೂನಿನಿಂದ ತೊಳೆದು, ತಾರೀಖು ಬರೆದಿಟ್ಟುಕೊಂಡು, ಎರಡು ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ ಹೇಳಬೇಕು. ಮನೆಗೆ ಬಂದು ಅದನ್ನೆಲ್ಲ ಮರಾಠಿಯಲ್ಲಿ ಬರೆದು ಸೊಸೈಟಿಯ ನೋಟಿಸ್ ಬೋರ್ಡಿಗೆ ತಾನೇ ಹಚ್ಚಿದ್ದಾಳೆ. ಅವತ್ತಿನಿಂದ ಸ್ವಲ್ಪ ನಿದ್ದೆ ಮಾಡುತ್ತಿದ್ದಾಳೆ.

ಸೊಸೈಟಿಯಲ್ಲಿ ಕೆಲವರು ನಾಯಿಗಳನ್ನು ದೂರ ಒಯ್ದು ಬಿಡೋಣ ಅಂದರು. ನಾನು ಬೇಡವೇ ಬೇಡ ಅಂದೆ. ತಾಯಿಗೂ ಮರಿಗಳಿಗೂ ಪಶುವೈದ್ಯರಿಂದ ಉಣ್ಣಿಯ ಔಷಧಿ ಹಾಕಿಸಿ, ಪಾರ್ಕಿಂಗ್ ತೊಳೆಸಿ ಬಿರುಕುಗಳಿಗೆ ಸಿಮೆಂಟು ತುಂಬಿಸಿದ್ದೇವೆ. ನಾಯಿಗಳು ಅಲ್ಲೇ ಇವೆ. ಮಕ್ಕಳು ಬಿಸ್ಕೀಟು ಹಾಕಿ ಕೈ ತೊಳೆದು, ಮನೆಗೆ ಬಂದು ಬಟ್ಟೆ ಬದಲಿಸುತ್ತಾರೆ.

ದೀಪಾವಳಿಗೆ ಬರುತ್ತೀನಿ ಅಂದಿದ್ದೀಯಲ್ಲ, ತಪ್ಪಿಸಬೇಡ. ಮಗಳು ನಿನ್ನ ಹತ್ತಿರ ಮನಸ್ಸು ಬಿಚ್ಚಿ ಮಾತಾಡುತ್ತಾಳೆ, ನನಗಿಂತ ನಿನ್ನ ಮಾತು ಅವಳಿಗೆ ನಾಟುತ್ತದೆ. ಹೊರಡುವ ಮೊದಲು ನಿಮ್ಮ ನಾಯಿಗೆ, ಕೊಟ್ಟಿಗೆಯ ದನಗಳಿಗೆ ಉಣ್ಣಿಯ ಔಷಧಿ ಹಾಕಿಸು. ನಿನ್ನ ಮಗನಿಗೆ ಹೋದ ತಿಂಗಳು ಜ್ವರ ಬಂದಿತ್ತು ಅಂದಿದ್ದೆ. ಆಗ ಮೈಮೇಲೆ ಏನಾದರೂ ಎದ್ದಿತ್ತೇ? ಈ ಪತ್ರ ಓದಿದ ಕೂಡಲೇ ಫೋನ್ ಮಾಡು.

ನಿನ್ನ
ಪುಣೆಯ ಗೆಳೆಯ